ತಾಗಿದರೆ ಮಣಿಯುವ ಕಂಬ

ಮಿರಜದ ಶಾಲಾ ಮೈದಾನವೊಂದರಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಧನಪಾಲ ಮಗದುಮ್ ಮೊಣಕಾಲೂರಿ ಕುಳಿತು ಖೋ ಖೋ ಕಂಬದ ಬುಡದಲ್ಲಿ ಬೋಲ್ಟು ಬಿಗಿಯುತ್ತಿದ್ದಾರೆ. ಮಾಧವನಗರದಿಂದ ಶೇರ್ ಆಟೋದಲ್ಲಿ ತಂದ ಕಂಬ. ಅದಕ್ಕೂ ಒಂದು ಸೀಟಿನ ಬಾಡಿಗೆ ತೆತ್ತಿದ್ದಾರೆ. ಬಿಗಿದಾದ ಮೇಲೆ ಎದ್ದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಭುಜ ಕೊಟ್ಟು ಡಿಕ್ಕಿ ಹೊಡೆಯುತ್ತಾರೆ. ಕಂಬ ಟಕ್ಕೆಂದು ವಾಲುತ್ತದೆ. ಅದನ್ನೆತ್ತಿ ಮತ್ತೆ ನಿಲ್ಲಿಸುತ್ತಾರೆ.

"ಇವತ್ತ ಕಮಿಟಿಯವರು ಬರ್ತಾರ್ರಿ. ಅವರ ಮುಂದ ಇದು ಮಾನ ಕಳೀಬಾರದು," ಅನ್ನುತ್ತಾ, ಅರವತ್ತು ದಾಟಿದ ಈ ಮನುಷ್ಯ ಮಗಳನ್ನು ನೋಡಲು ಗಂಡಿನವರು ಬರುವ ದಿನದ ಅಪ್ಪನಂತೆ ಚಡಪಡಿಸುತ್ತಾರೆ. ಒಪ್ಪಿಗೆ ಸಿಕ್ಕರೆ ಈ ಸಲದ ತಾಲ್ಲೂಕು ಪಂದ್ಯಗಳಲ್ಲಿ ಈ ಕಂಬವೇ ನಿಲ್ಲುತ್ತದೆ.

ಧನಪಾಲ ಮಾಧವನಗರದ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಿರಣಿ ಮುಚ್ಚಿದ ಮೇಲೆ ಮನೆ ಮುಂದಿನ ತಗಡಿನ ಶೆಡ್ಡೇ ಅವರ ಕಾರ್ಖಾನೆ. ಮೊದಲ ಪೇಟೆಂಟ್ ಸಿಕ್ಕಿದ್ದು ದ್ರಾಕ್ಷಿ ತೋಟದ ತಂತಿ ಬಿಗಿಯುವ ಒಂದು ಉಪಕರಣಕ್ಕೆ. ತಂತಿ ಹರಿಯುವಷ್ಟು ಎಳೆತ ಬಂತೆಂದರೆ ಅದರೊಳಗಿನ ಹಲ್ಲು ತಾನಾಗಿ ಹಿಡಿತ ಬಿಡುತ್ತದೆ. ಮಾಲಗಾಂವದ ತೋಟದವರು ಅದನ್ನು ದಿನಾ ಬಳಸುತ್ತಾರೆ, ಮಾಡಿದವರ್‍ಯಾರು ಎಂದು ಮಾತ್ರ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು! ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಬೇಗ ಮಲಗುವ ಜೈನರ ಮನೆ ಅವರದು. ಹಗಲೆಲ್ಲ ಮಗ್ಗ, ಮೋಟಾರುಗಳ ರಿಪೇರಿ. ಹೊಸದೇನಿದ್ದರೂ ಬೆಳಗಿನ ಜಾವಕ್ಕೆ.

ಎರಡನೆಯ ಪೇಟೆಂಟ್ ಈ ಕಂಬದ್ದು. ಅದಕ್ಕೆ ಕಾರಣ ತಮ್ಮನ ಮಗಳು ಋತುಜಾ. ನಾಲ್ಕು ವರ್ಷದ ಹಿಂದೆ ಪಂದ್ಯವೊಂದರಲ್ಲಿ ಎದುರಾಳಿಯನ್ನು ಮುಟ್ಟಲು ಹಾರಿದವಳು ಕಂಬಕ್ಕೆ ಬಡಿದು ಹೆಗಲಿನ ಎಲುಬು ಮುರಿದುಕೊಂಡಳು. ಮಿರಜದ ದವಾಖಾನೆಯಲ್ಲಿ ಆಪರೇಷನ್ ಆಯಿತು, ಹುಡುಗಿ ಮತ್ತೆ ಮೈದಾನಕ್ಕಿಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಧನಪಾಲರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಎಲುಬು ಕೂಡಿತ್ರಿ, ಅಂಜಿಕಿ ಹೋಗಿರಲಿಲ್ಲ. ಕಂಬದ ಹಂತೇಕ ಬಂದ ಕೂಡ್ಲೆ ಕಾಲ ಹಿಂದ ಎಳೀತಿದ್ಲು," ಅನ್ನುತ್ತಾರೆ.

ತಂತಿ ಉಪಕರಣದ ಹಲ್ಲನ್ನೇ ಕಂಬದ ಬುಡಕ್ಕೆ ಕೂರಿಸಿದರು. ಜೋಳದ ಚೀಲವನ್ನು ತೊಲೆಗೆ ನೇತುಹಾಕಿ ಗುದ್ದಿಸಿ ಗುದ್ದಿಸಿ ನೋಡಿದರು. ಚೀಲ ಒಂದು ಕಾಳೂ ಚೆಲ್ಲಲಿಲ್ಲ. ಹಿಗ್ಗಿನಿಂದ ಮೈದಾನಕ್ಕೆ ತಂದರೆ ಹುಡುಗಿಯರು ಒಬ್ಬೊಬ್ಬರಾಗಿ ಮಣ್ಣು ಮುಕ್ಕಿದರು. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ," ಎಂದು ಧನಪಾಲ ಮುಖ ಊದಿಸಿಕೊಂಡರು. ಋತುಜಾ ಬಿಡಲಿಲ್ಲ. "ದೊಡ್ಡಪ್ಪಾ, ನಾವು ಕಂಬ ಹಿಡದ ಗರ್ರನ ತಿರಗತೀವಿ. ನಿಮ್ಮ ಕಂಬ ಹಿಡದ್ರ ಅದ ಬಗ್ಗತೈತಿ."

ಖೋ ಖೋದಲ್ಲಿ ಬೆನ್ನಟ್ಟುವವರು ದಿಕ್ಕು ಬದಲಿಸುವುದೇ ಕಂಬದ ಹತ್ತಿರ, ಅದನ್ನು ಹಿಡಿದು ಸುತ್ತಿಕೊಂಡು. ಒಂದು ದಿನವೂ ಆಡದ ಧನಪಾಲರಿಗೆ ಅದು ಹೊಳೆದಿರಲೇ ಇಲ್ಲ. ಹೆಂಡತಿ ಸುಮನ ಈಗಲೂ ಕಾಲೆಳೆಯುತ್ತಾರೆ: "ಜ್ವಾಳದ ಚೀಲಕ್ಕ ಕೈ ಇರ್ತಾವೇನ್ರಿ?"

ನೆಲ ನಿಜಕ್ಕೂ ಡೊಂಕಿತ್ತು ಎಂದು ಒಪ್ಪಿಕೊಂಡು ಮೊದಲಿನಿಂದ ಶುರುಮಾಡಿದರು. ಕೈಯ ಸೆಳೆತಕ್ಕೆ ಗಟ್ಟಿ ನಿಲ್ಲಬೇಕು, ಮೈಯ ಹೊಡೆತಕ್ಕೆ ಮಾತ್ರ ಮಣಿಯಬೇಕು. ಎಷ್ಟು ಕಂಬ ಕೆಟ್ಟವೋ ಲೆಕ್ಕವಿಲ್ಲ. "ಕೆಟ್ಟದ್ದೆಲ್ಲ ಸುಮನ ಒಲಿಗೆ ಹಾಕ್ಯಾಳ್ರಿ. ಆ ವರ್ಷ ಉರವಲಿಗೆ ತ್ರಾಸ ಆಗಲಿಲ್ಲ."

ಬಿಸಿಲೇರುವ ಹೊತ್ತಿಗೆ ಕಮಿಟಿಯವರು ಬರುತ್ತಾರೆ. ಋತುಜಾ ಬೆನ್ನಟ್ಟುತ್ತಾ ಬಂದು ಹಾರುತ್ತಾಳೆ, ಹೆಗಲು ಬಡಿಯುತ್ತದೆ, ಕಂಬ ಮಣಿಯುತ್ತದೆ. ಹುಡುಗಿ ನಗುತ್ತಾ ಎದ್ದು ಮಣ್ಣು ಕೊಡವಿಕೊಳ್ಳುತ್ತಾಳೆ. ಹಿರಿಯ ಅಂಪೈರ್ ಬಸಲಿಂಗಪ್ಪ ತಾವೇ ಕಂಬ ಹಿಡಿದು ಒಂದು ಸುತ್ತು ತಿರುಗಿ ನೋಡುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: "ಧನಪಾಲರ, ಕೆಲಸ ಭಾಳ ಚೊಲೊ ಐತಿ. ಆದ್ರ ಕಂಬ ಅಲಗಬಾರದು ಅಂತ ನಿಯಮ ಐತ್ರಿ. ಅದು ಬಗ್ಗಿದಾಗ ಆಟ ನಿಲ್ಲಸೂದೋ, ನಡಸೂದೋ? ಅಷ್ಟರಾಗ ಓಡಾಕಿ ತಪ್ಪಿಸಿಕೊಂಡ್ರ ಯಾರಿಗೆ ಏನ್ ಹೇಳೂಣು?" ಅಭ್ಯಾಸಕ್ಕೆ ಇರಲಿ, ಪಂದ್ಯಕ್ಕೆ ಈ ವರ್ಷ ಬೇಡ ಎಂದು ತೀರ್ಮಾನವಾಗುತ್ತದೆ. ನಿಯಮ ಬದಲಿಸುವಂತೆ ಮೇಲಿನವರಿಗೆ ತಾವೇ ಬರೆಯುವುದಾಗಿ ಬಸಲಿಂಗಪ್ಪ ಮಾತು ಕೊಡುತ್ತಾರೆ.

ಧನಪಾಲ ವಾದಿಸುವುದಿಲ್ಲ. "ಅವರು ಕೇಳಿದ್ದು ಖರೇ ಐತ್ರಿ," ಅನ್ನುತ್ತಾರೆ. ಬೇಸರ ಮಾತ್ರ ಮುಖದಲ್ಲೇ ಇದೆ. ಮುಚ್ಚಿಡುವುದು ಅವರಿಗೆ ಬಾರದು. ಬರುವ ಭಾನುವಾರ ಋತುಜಾಳ ಪಂದ್ಯವಿದೆ, ಅದೇ ಹಳೆಯ ಕಂಬದ ಮುಂದೆ.

ಕಂಬದ ಮೇಲೆ ನಿಮ್ಮ ಹೆಸರು ಬರೆಸುವುದಿಲ್ಲವೇ ಎಂದರೆ ತಲೆಯಲ್ಲಾಡಿಸುತ್ತಾರೆ. "ಹೆಸರ ತಗೊಂಡ ಏನ್ ಮಾಡೂದ್ರಿ? ಇವತ್ತ ನೋಡಿದ್ರಲ್ಲ, ನಮ್ಮ ಹುಡುಗಿ ಕಾಲ ಹಿಂದ ಎಳೀಲಿಲ್ಲ. ಮ್ಯಾಚಿನ್ಯಾಗೂ ಆಕಿ ಹಂಗ ಓಡೂದು ಒಮ್ಮೆ ನೋಡಬೇಕ್ರಿ, ಅಷ್ಟ."