ಬಾಗಲಗುಂಟೆಯಿಂದ ಕಾಣದ ಗುಡ್ಡ

ದೀಪಾವಳಿಗೆ ಊರಿಗೆ ಹೊರಟಾಗ ರೈಲು ತಪ್ಪಬಹುದಿತ್ತು. ಸಿಕ್ಕಿದ ರೈಲು ಘಟ್ಟದ ಸುರಂಗದಲ್ಲಿ ಕೆಟ್ಟು ನಿಂತು, ಹೆಂಡತಿ ಸುಶೀಲಳ ಉಬ್ಬಸ ಕೆರಳಬಹುದಿತ್ತು. ವರ್ಷದಿಂದ ಮುಚ್ಚಿದ್ದ ಮನೆಯ ಬೀಗ ತುಕ್ಕು ಹಿಡಿದಿರಬಹುದಿತ್ತು. ಬೀಗ ಒಡೆದರೆ ಒಳಗೆ ನಾಗರಹಾವು ಸಂಸಾರ ಹೂಡಿರಬಹುದಿತ್ತು. ಬಾವಿಗೆ ಬೆಕ್ಕು ಬಿದ್ದಿರಬಹುದಿತ್ತು. ಇನ್‌ಹೇಲರ್ ಮರೆತುಹೋಗಬಹುದಿತ್ತು. ಅದಕ್ಕೇ ಮೂರು ಕೊಂಡು ಮೂರು ಚೀಲಗಳಲ್ಲಿಟ್ಟೆ. ಮೂರೂ ಚೀಲ ಒಟ್ಟಿಗೆ ಕಳೆದರೆ ಎಂದು ಒಂದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಊರಿನವರು ನಮ್ಮ ಗುರುತೇ ಹಿಡಿಯದಿರಬಹುದಿತ್ತು.

ಇವು ಯಾವುವೂ ಆಗಲಿಲ್ಲ.

ನಾವು ಊರು ಬಿಟ್ಟದ್ದು ಗುಡ್ಡದ ದೆಸೆಯಿಂದ. ಕಡಲ ಗಾಳಿ ನಮ್ಮ ಮುಂಡಾಸು ಗುಡ್ಡಕ್ಕೆ ಹಾಯುತ್ತದೆ, ದಾರಿ ಕಾಣದೆ ಮೇಲೇರುತ್ತದೆ, ತಣಿದು ಮೋಡವಾಗಿ ತುದಿಗೆ ಸುತ್ತಿಕೊಳ್ಳುತ್ತದೆ. ‘ಗುಡ್ಡ ಮುಂಡಾಸು ಕಟ್ಟಿತು’ ಎಂದು ನಾವು ಹೇಳುವುದು ಇದನ್ನೇ. ಕಟ್ಟಿದ ತಾಸೆರಡು ತಾಸಿನೊಳಗೆ ಮಳೆ. ಮೀನು ಒಣಗಿಸುವವರಾಗಲಿ, ಬಟ್ಟೆ ಹರವುವವರಾಗಲಿ, ಅಂಗಳಕ್ಕಿಳಿದರೆ ಮೊದಲು ಮೂಡಣಕ್ಕೆ ಕತ್ತೆತ್ತುವುದು, ಆಮೇಲೆ ಕೆಲಸ. ತುದಿಯಲ್ಲಿ ಗಾಳಿಯ ಹೊಡೆತಕ್ಕೆ ಮರ ನಿಲ್ಲದೆ ಬರೀ ಹುಲ್ಲು. ಬುಡದಲ್ಲಿ ತೇವಕ್ಕೆ ಗೋಡೆಯೂ ಹಸಿರು. ಆ ತೇವ ಸುಶೀಲಳ ಎದೆಗೂ ಇಳಿಯಿತು. “ಒಣ ಹವೆಯ ಊರಿಗೆ ಹೋಗಿ” ಎಂದರು ಡಾಕ್ಟರು. ಭೂಗೋಳದ ಮೇಷ್ಟ್ರಾದ ನಾನು ಬೆಂಗಳೂರಿನ ಶೆಟ್ಟಿಹಳ್ಳಿಯ ಒಂದು ಶಾಲೆಯಲ್ಲಿ ಕೆಲಸ ಹಿಡಿದೆ. ಬಾಗಲಗುಂಟೆಯಲ್ಲಿ ಎರಡನೇ ಮಹಡಿಯ ಮನೆ ಸಿಕ್ಕಿತು.

ಯಶವಂತಪುರದಲ್ಲಿ ಇಳಿದ ಬೆಳಿಗ್ಗೆಯೇ ಪೆಟ್ಟು ಬಿತ್ತು. ನಿಲ್ದಾಣದ ಹಳದಿ ಹಲಗೆಯ ಮೇಲೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿತ್ತು: ಒಂಬೈನೂರು ಮೀಟರಿನ ಮೇಲೆ. ನಮ್ಮ ಗುಡ್ಡ ಎಂಟುನೂರನ್ನೂ ಮುಟ್ಟುವುದಿಲ್ಲ. ಇದನ್ನೆಲ್ಲ ಪಾಠ ಮಾಡಿದವನೇ ನಾನು. ಆದರೂ ಹಲಗೆಯನ್ನು ಎರಡು ಸಲ ಓದಿದೆ. ಹುಟ್ಟಿದಾಗಿನಿಂದ ತಲೆಯೆತ್ತಿ ನೋಡಿದ ತುದಿಗಿಂತ ಎತ್ತರದಲ್ಲಿ ಜನ ಕಾಫಿ ಕುಡಿಯುತ್ತ, ಆಟೋದವರೊಡನೆ ಜಗಳವಾಡುತ್ತ ನಿಂತಿದ್ದರು. ನಮ್ಮ ತುದಿಯಿಂದ ಕಡಲು ಕಾಣುತ್ತದೆ. ಇಷ್ಟು ಮೇಲೇರಿದರೂ ಇಲ್ಲಿಂದ ಏನೂ ಕಾಣುವುದಿಲ್ಲ.

ಅಲ್ಲಿ ಬಾವಿ, ಇಲ್ಲಿ ಸಂಪು, ಅಂದರೆ ನೆಲದಡಿಯ ತೊಟ್ಟಿ. ಅಲ್ಲಿ ಸೂರ್ಯ ಗುಡ್ಡ ಹತ್ತಿ ಬರುವಾಗ ಗಂಟೆ ಎಂಟು. ಇಲ್ಲಿ ಆರೂವರೆಗೇ ಕಿಟಕಿಯೊಳಗೆ. ಕುಚ್ಚಲಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಅನ್ನವೂ ಬೇಯುತ್ತದೆ, ಗಂಜಿಗೆ ಮಾತ್ರ ಆ ರುಚಿ ಬರುವುದಿಲ್ಲ. ಬೆಳಿಗ್ಗೆ ಎದ್ದು ಪೂರ್ವಕ್ಕೆ ಕತ್ತೆತ್ತಿದರೆ ಮನೆ ಮಾಲೀಕರ ಕಪ್ಪು ನೀರಿನ ಟ್ಯಾಂಕು. ದಿನವೂ ಅದನ್ನೇ ದಿಟ್ಟಿಸುವ ನನ್ನನ್ನು ಕಂಡು ಮಾಲೀಕರಾದ ಗೌರಮ್ಮನವರಿಗೆ ಗುಮಾನಿ.

“ಅಲ್ಲಾ ಮೇಷ್ಟ್ರೇ, ದಿನಾ ಇಂಗೆ ನಮ್ ಟ್ಯಾಂಕ್ ನೋಡ್ತಾ ನಿಂತ್ಕೋತೀರಲ್ಲ, ತೂತ್ ಗೀತ್ ಬಿದ್ದೈತಾ?”

“ಮಳೆ ಬರುತ್ತಾ ಅಂತ ನೋಡ್ತಿದ್ದೆ.”

“ಟ್ಯಾಂಕಲ್ಲಾ? ಮೊಬೈಲ್ ನೋಡ್ರೀ!”

ಮೊಬೈಲ್ ನೋಡುವುದನ್ನು ಕಲಿತೆ. ಕರಿಹಲಗೆಯ ಮೇಲೆ ನಮ್ಮ ಗುಡ್ಡವನ್ನೇ ಬರೆದು ಆರೋಹಣ ಮಳೆಯ ಪಾಠ ಮಾಡಿದರೆ ಹುಡುಗಿಯೊಬ್ಬಳು, “ಸಾರ್, ಟ್ರೆಕ್ಕಿಂಗ್‌ಗೆ ಆನ್‌ಲೈನ್ ಬುಕಿಂಗ್ ಇದ್ಯಾ?” ಎಂದಳು. ಘಟ್ಟಸಾಲು ಮೋಡದ ನೀರನ್ನೆಲ್ಲ ಹಿಂಡಿಕೊಂಡ ಮೇಲೆ ಈಚೆಗೆ ಉಳಿಯುವುದು ಮಳೆಯ ನೆರಳು ಎಂದು ವಿವರಿಸುತ್ತಿದ್ದಾಗ ಹೊಳೆಯಿತು: ಬಾಗಲಗುಂಟೆಗೆ ಬಂದರೂ ನಾನಿರುವುದು ಅದೇ ನೆರಳಿನಲ್ಲಿ.

ಆರು ತಿಂಗಳಾಗುವಾಗ ಸುಶೀಲ ತರಕಾರಿ ಚೀಲ ಹೊತ್ತು ಎಲ್ಲೂ ನಿಲ್ಲದೆ ಎರಡು ಮಹಡಿ ಹತ್ತಿದಳು. ಬಾಗಿಲಲ್ಲಿ ನಿಂತು, “ಕಂಡ್ರ್ಯಾ?” ಎಂದಳು. ಕಂಡೆ. ಕುಣಿಯಬೇಕಾದವನು ಕುಸಿದೆ. ಈ ಹವೆ ಅವಳಿಗೆ ಒಗ್ಗಿತೆಂದರೆ ನಾವು ಇನ್ನು ಹಿಂದಿರುಗುವಂತಿಲ್ಲ. ಹೆಂಡತಿಯ ಉಸಿರು ಸರಾಗವಾಯಿತೆಂದು ಕಂಗಾಲಾದ ಗಂಡ ನಾನೊಬ್ಬನೇ ಇರಬೇಕು. ಅಂದಿನಿಂದ ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ನನಗೆ ನಾಚಿಕೆ.

ಅದನ್ನು ಬಾಯಿಬಿಟ್ಟು ಹೇಳದೆಯೂ ಅವಳಿಗೆ ತಿಳಿದಿತ್ತು. ತಾನೇ ಇಲ್ಲಿಯ ಡಾಕ್ಟರನ್ನು ಕೇಳಿದಳು. “ದೀಪಾವಳಿಗೆ ಒಂದು ವಾರ ಊರಲ್ಲಿದ್ದು ನೋಡಿ. ಉಬ್ಬಸ ಬರಲಿಲ್ಲ ಅಂದ್ರೆ ವಾಪಸ್ ಹೋಗೋ ಮಾತಾಡೋಣ” ಎಂದರು ಅವರು. ಅವಳು ಮನಸ್ಸು ಮಾಡಿದ್ದು ನನಗಾಗಿ.

ಊರಿನಲ್ಲಿ ಮೂರು ದಿನ ಉಬ್ಬಸದ ಸುಳಿವಿಲ್ಲ. ಅದೇ ನನಗೆ ಭಯ. ಹಾಸಿಗೆಯಲ್ಲಿ ವರ್ಷದ ಧೂಳಿದ್ದರೆ? ನಾಲ್ಕನೇ ದಿನ ಬೆಳಿಗ್ಗೆ ಎರಡೂ ಹತ್ತಿ ಹಾಸಿಗೆಗಳನ್ನು ಅಂಗಳದ ಬಿಸಿಲಿಗೆ ಹಾಕಿದೆ. ಹಾಕುವ ಮುಂಚೆ ಮೊಬೈಲ್ ನೋಡಿದೆ. ಸೂರ್ಯನ ಚಿತ್ರ ಹೊಳೆಯುತ್ತಿತ್ತು. ಅದರ ಕೆಳಗೆ ‘ಬಾಗಲಗುಂಟೆ’ ಎಂದಿದ್ದದ್ದು ಕಣ್ಣಿಗೆ ಬೀಳಲಿಲ್ಲ. ಒಳಗೆ ಹೋಗಿ, ಮಾಡಿನ ಹೆಂಚು ಎಣಿಸುತ್ತ ಯಾವುದು ಬೀಳಬಹುದೆಂದು ಯೋಚಿಸತೊಡಗಿದೆ.

ಬೇಲಿಯಾಚೆಯಿಂದ ನೆರೆಮನೆಯ ಶೀನಣ್ಣ ಕೂಗಿದ: “ಹ್ವಾಯ್ ಮಾಷ್ಟ್ರೇ! ಗುಡ್ಡಿ ಮುಂಡಾಸ್ ಕಟ್ಟಿ ಒಂದ್ ಗಂಟಿ ಆಯ್ತ್. ಹಾಸ್ಗಿ ನೆನ್ಸುಕೆ ಬೆಂಗ್ಳೂರಗೆ ಕಲ್ತ್ರ್ಯಾ?”

ಓಡಿಬರುವಷ್ಟರಲ್ಲಿ ಮಳೆ ಸುರಿಯುತ್ತಿತ್ತು. ನೀರು ಕುಡಿದ ಹಾಸಿಗೆ ಹೆಣದಂತೆ ಭಾರ. ಎಳೆದು ತಂದು ಚಾವಡಿಯಲ್ಲಿ ಹಾಕಿದೆವು. ನಾವು ಮಲಗಿದ್ದು ಚಾಪೆಯ ಮೇಲೆಯೇ, ಆದರೆ ಆ ಒದ್ದೆ ಹತ್ತಿಯ ವಾಸನೆ ಮನೆಯನ್ನೆಲ್ಲ ತುಂಬಿತು. ಮರುದಿನ ಬೆಳಿಗ್ಗೆ ಸುಶೀಲ ಮೊಣಕಾಲಿಗೆ ಕೈಯೂರಿ ಕೂತಿದ್ದಳು. ಭುಜಗಳು ಏರಿಳಿಯುತ್ತಿದ್ದವು. ಇನ್‌ಹೇಲರ್ ಎಳೆದುಕೊಂಡು, ಮಾತು ಬಂದ ಮೇಲೆ, “ಇರ್ಲಿ ಬಿಡಿ” ಎಂದಳು. ಅಷ್ಟೇ. ಅಂದೇ ಹೊರಟೆವು.

ಡಾಕ್ಟರು ಊರಿನ ಮಾತು ಮತ್ತೆ ಎತ್ತಲಿಲ್ಲ. ಇಲ್ಲಿ ಅವಳು ಮತ್ತೆ ಸಲೀಸಾಗಿ ಮೆಟ್ಟಿಲು ಹತ್ತುತ್ತಾಳೆ. ಇವತ್ತು ಬೆಳಿಗ್ಗೆಯೂ ನಾನು ಪೂರ್ವಕ್ಕೆ ತಲೆಯೆತ್ತಿ ನಿಂತಿದ್ದೆ.

“ಊರ್ಗೋಗಿ ಬಂದ್ರೂ ಈ ಚಟ ಬಿಡ್ಲಿಲ್ವಾ ಮೇಷ್ಟ್ರೇ?” ಎಂದರು ಗೌರಮ್ಮ.

ಬಿಟ್ಟಿಲ್ಲ. ಗುಡ್ಡವಿಲ್ಲದ ಈ ಊರಿನಲ್ಲಿ ದಿನವೂ ನೋಡುತ್ತೇನೆ. ಗುಡ್ಡವಿರುವ ಊರಿನಲ್ಲಿ, ಆ ಒಂದು ಬೆಳಿಗ್ಗೆ, ತಲೆಯೆತ್ತಲಿಲ್ಲ.