ಮೂರು ವರ್ಷ, ಮೇಲೆ ನಾಲ್ಕು ತಿಂಗಳು

ದಕ್ಷಿಣ ತೈವಾನಿನ ಸಣ್ಣ ಕಾರ್ಖಾನೆಗಳಲ್ಲಿ, ಕಸುಬು ಕಲಿಸುವವರಿಗೂ ಕಲಿಯಲು ಬಂದವರಿಗೂ ನಡುವೆ ಬರಿಯ ಬಾಯಿಮಾತೇ ಕರಾರಾಗಿದ್ದ ಕಾಲವನ್ನು ಕೊನೆಗಾಣಿಸಿ, ಇಬ್ಬರನ್ನೂ ಒಂದೇ ಮೇಜಿನ ಎರಡು ಬದಿ ಕೂರಿಸಿ ರುಜು ಹಾಕಿಸಿದವರು ಯಾರೆಂದು ಕೇಳಿದರೆ ಬರುವ ಹೆಸರು ಒಂದೇ: ಶ್ರೀಮತಿ ತು ಮಾನ್‌ಲಿಂಗ್. ದಕ್ಷಿಣ ದ್ವಾರದ ಸಣ್ಣ ಕಸುಬುದಾರರ ಒಕ್ಕೂಟದಲ್ಲಿ ಮೂವತ್ತೆಂಟು ವರ್ಷ ಒಪ್ಪಂದ ವಿಭಾಗವನ್ನು ನಡೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಬಗ್ಗೆ ಈ ಅಭಿನಂದನಾ ಗ್ರಂಥದಲ್ಲಿ ಬರೆಯುವ ಭಾಗ್ಯ, ಇಪ್ಪತ್ತೆರಡು ವರ್ಷ ಅವರ ಎದುರಿನ ಮೇಜಿನಲ್ಲಿ ಕುಳಿತ ಈ ಲೇಖಕನಿಗೆ ಬಂದಿದೆ. ವಿಷಯ ತಿಳಿದಾಗ ಅವರು ಒಂದೇ ಷರತ್ತು ಹಾಕಿದರು. “ನಗಾರಿ ಅಂಗಡಿ ವಿಷಯ ಬಿಟ್ಟು ಬರೆಯೋದಾದ್ರೆ ಬರೀಲೇಬೇಡ,” ಎಂದರು. ಷರತ್ತು ಹಾಕುವುದು ಅವರ ಕಸುಬೇ ಆದ್ದರಿಂದ ಒಪ್ಪದೆ ವಿಧಿಯಿರಲಿಲ್ಲ.

ತು ಅಕ್ಕನವರ ಅಣ್ಣ ಚಿಕ್ಕಂದಿನಲ್ಲೇ ಬೂಟು ಹೊಲಿಯುವ ಅಂಗಡಿಯೊಂದಕ್ಕೆ ಶಿಷ್ಯನಾಗಿ ಸೇರಿದ್ದರು. ಹಳೆಯ ಪದ್ಧತಿಯಂತೆ ಅವಧಿ ಮೂರು ವರ್ಷ ನಾಲ್ಕು ತಿಂಗಳು; ಮೂರು ವರ್ಷ ಕಲಿಕೆ, ಮೇಲಿನ ನಾಲ್ಕು ತಿಂಗಳು ಗುರುವಿನ ಋಣ ತೀರಿಸುವ ಬಿಟ್ಟಿ ದುಡಿಮೆ. ಆ ನಾಲ್ಕು ತಿಂಗಳೂ ಅಣ್ಣ ಮಾಲೀಕನ ಮಕ್ಕಳ ಬಟ್ಟೆ ಒಗೆದರು, ಅಡುಗೆಮನೆ ತೊಳೆದರು. ಚರ್ಮ ಕತ್ತರಿಸುವ ಅಳತೆಯನ್ನು ಮಾತ್ರ ಯಾರೂ ತೋರಿಸಲಿಲ್ಲ. ಈ ಸಂಕಟವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತು ಅಕ್ಕ ಒಕ್ಕೂಟದ ಮಾದರಿ ಒಪ್ಪಂದದ ಏಳನೆಯ ಕಲಮನ್ನು ಬರೆದರು: ತರಬೇತಿ ಮೂರೇ ವರ್ಷ, ಮರುದಿನದಿಂದ ಶಿಷ್ಯರು ಪೂರ್ಣ ಸಂಬಳದ ಕೆಲಸಗಾರರು, ಬಿಟ್ಟಿ ದುಡಿಮೆ ಒಂದು ದಿನವೂ ಇಲ್ಲ.

ಈ ಕಲಮಿನಿಂದ ಬದುಕು ನೆಟ್ಟಗಾದವರು ನೂರಾರು ಮಂದಿ. ಓದು ಬಾರದ ಮೇಸ್ತ್ರಿಗಳಿಗೆ ತು ಅಕ್ಕ ಒಪ್ಪಂದವನ್ನು ಮನೆಮಾತಿನಲ್ಲಿ ಸಾಲುಸಾಲಾಗಿ ಓದಿ ಹೇಳುತ್ತಿದ್ದರು. ಶಿಷ್ಯರ ತಾಯಂದಿರನ್ನು ಬಲವಂತವಾಗಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮೇಸ್ತ್ರಿಗೊಂದು, ಶಿಷ್ಯರಿಗೊಂದು, ಸರ್ಕಾರಕ್ಕೊಂದು ಎಂದು ಮೂರು ಪ್ರತಿ ಮಾಡಿ, ಮೂರನೆಯದನ್ನು ತಾವೇ ಸ್ಕೂಟರಿನಲ್ಲಿ ಒಯ್ದು ಮುಟ್ಟಿಸುತ್ತಿದ್ದರು. ಕೂದಲಿಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ ಹುಡುಗಿಯೊಬ್ಬಳ ಕೈ ಬೆಂದಾಗ ಆಸ್ಪತ್ರೆಗೆ ಹದಿನೇಳು ದಿನ ಬೆಳಿಗ್ಗೆ ಮೀನಿನ ಗಂಜಿ ಹೊತ್ತುಕೊಂಡು ಹೋದವರು ಇವರು. ಮೇಸ್ತ್ರಿಗಳು ಅವರನ್ನು ದೂರದಿಂದ ಕಂಡೊಡನೆ, “ಬಂತಪ್ಪ ಏಳನೇ ಕಲಮು, ಕುರ್ಚಿ ಹಾಕ್ರೋ,” ಎಂದು ನಗುತ್ತಿದ್ದರು. ನಗುತ್ತಲೇ ಹೆದರುತ್ತಿದ್ದರು.

ಹತ್ತು ವರ್ಷದ ಹಿಂದೆ ಗುಡಿಗಳಿಗೆ ನಗಾರಿ ಮಾಡುವ ಕುವೋ ಮೇಸ್ತ್ರಿಯವರ ಬಳಿ ತಾಂಗ್ ಯಿರೂ ಎಂಬಾಕೆ ಶಿಷ್ಯೆಯಾದಳು. ಮೂವತ್ತು ದಾಟಿದ ಹೆಂಗಸು, ಗುಡಿಯ ಮೇಳದಲ್ಲಿ ನಗಾರಿ ಬಾರಿಸಿ ಬಂದವಳು. ಮೂರು ವರ್ಷದಲ್ಲಿ ಮರ ಕೊರೆಯುವುದು, ಕೋಣದ ಚರ್ಮ ಹದ ಮಾಡುವುದು, ಹೊದಿಸುವುದು ಎಲ್ಲ ಕಲಿತಳು. ಕೊನೆಯ ಕೆಲಸವೊಂದು ಉಳಿದಿತ್ತು. ಎಳೆದು ಕಟ್ಟಿದ ಚರ್ಮದ ಮೇಲೆ ಬರಿಗಾಲಲ್ಲಿ ನಿಂತು ತುಳಿಯುತ್ತ, ಬಡಿದು ಕೇಳುತ್ತ, ಎಲ್ಲಿ ನಿಲ್ಲಿಸಿ ಮೊಳೆ ಹೊಡೆಯಬೇಕೆಂದು ತಿಳಿಯುವ ಕೆಲಸ. ನಾದ ಕೂಡಿಸುವುದು ಎಂದರೆ ಅದೇ. ಅವಧಿ ಮುಗಿಯುವ ವಾರ ಯಿರೂ ನಮ್ಮ ಕಚೇರಿಗೆ ಬಂದಳು.

“ಅಕ್ಕ, ಇನ್ನು ನಾಲ್ಕು ತಿಂಗಳು ಅಲ್ಲೇ ಇರ್ತೀನಿ. ಮೇಸ್ತ್ರಿ ಇನ್ನೂ ನಾದ ಕೂಡಿಸೋದು ತೋರಿಸಿಲ್ಲ.”

“ಇರು, ಬೇಡ ಅಂದೋರ್ಯಾರು? ಸಂಬಳ ತಗೊಂಡು ಇರು.”

“ಸಂಬಳ ತಗೊಂಡ್ರೆ ತೋರಿಸಲ್ವಂತೆ. ಕೂಲಿಯವರಿಗೆ ಕೆಲಸ ಹೇಳ್ತೀನಿ, ವಿದ್ಯೆ ಯಾಕೆ ಹೇಳ್ಲಿ ಅಂತಾರೆ. ಹೋಗಬಹುದಾಗಿದ್ರೂ ಹೋಗದೆ ಉಳಿದೋರಿಗೇ ಅದನ್ನ ಕೊಡೋದಂತೆ.”

“ನಮ್ಮಣ್ಣನಿಗೂ ಹಿಂಗೇ ಬಣ್ಣದ ಮಾತು ಹೇಳಿದ್ರು,” ಎಂದರು ತು ಅಕ್ಕ. ಅವರ ದನಿ ಅಷ್ಟು ಕಟುವಾದದ್ದನ್ನು ಈ ಲೇಖಕ ಅದಕ್ಕೆ ಮೊದಲು ಕೇಳಿರಲಿಲ್ಲ.

ಅಂದೇ ಅವರು ನಗಾರಿ ಅಂಗಡಿಗೆ ಹೋದರು. ಕುವೋ ಮೇಸ್ತ್ರಿ ಚಹಾ ಕೊಟ್ಟು, ಕೈಯೊರಸಿಕೊಂಡು ಹೇಳಿದರು: “ನೀವು ಕಾಗದದಲ್ಲಿ ಬರೆಸಿದ್ದನ್ನೆಲ್ಲ ಕಲಿಸಿದೀನಿ ತಾಯಿ. ಬರೆಸದೆ ಇದ್ದದ್ದು ನಂದು.” ಹಾಗಾದರೆ ಒಂದೇ ಒಂದು ದಿನ ಬಿಟ್ಟಿ ದುಡಿಸಿದರೂ ದೂರು ಹೋಗುತ್ತದೆಂದು ಹೇಳಿ ತು ಅಕ್ಕ ಎದ್ದು ಬಂದರು. ಎಚ್ಚರಿಕೆಯ ಪತ್ರವನ್ನು ಟೈಪು ಮಾಡಿದವನು ಈ ಲೇಖಕ. ಬಲು ಚೆನ್ನಾಗಿದೆಯೆಂದು ಎರಡು ಸಲ ಓದಿಯೂ ಇದ್ದ. ಪತ್ರ ಮುಟ್ಟಿದ ಮರುದಿನ ಮೇಸ್ತ್ರಿ ಯಿರೂಳ ಕೈಗೆ ಅವಳ ಉಳಿಗಳನ್ನು ಕೊಟ್ಟು ಬೀಳ್ಕೊಟ್ಟರು.

ಒಂದೂವರೆ ವರ್ಷಕ್ಕೆ ಮೇಸ್ತ್ರಿಗೆ ಪಾರ್ಶ್ವವಾಯು ಬಡಿದು ಕಾಲೂ ಹೋಯಿತು, ಮಾತೂ ಹೋಯಿತು. ತು ಅಕ್ಕ ಹಣ್ಣಿನ ಬುಟ್ಟಿ ಹಿಡಿದು ನೋಡಲು ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ಕೇಳಿದರು: “ಈಗ ಬಂದ್ರಾ? ಕಾಗದ ತಂದಿದೀರೇನು?” ತು ಅಕ್ಕ ಬುಟ್ಟಿಯನ್ನು ಹೊಸ್ತಿಲ ಬಳಿ ಇಟ್ಟು ಹಿಂದಿರುಗಿದರು. ಮುಂದಿನ ವಸಂತದಲ್ಲಿ ಮೇಸ್ತ್ರಿ ತೀರಿಕೊಂಡರು. ಬೇರೆ ಶಿಷ್ಯರನ್ನು ಅವರು ಇಟ್ಟುಕೊಂಡಿರಲಿಲ್ಲ.

ಆಮೇಲೆ ತು ಅಕ್ಕ ಮಾದರಿ ಒಪ್ಪಂದವನ್ನು ಮತ್ತೆ ತಿದ್ದಿದರು. ನಿಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕೊನೆಗೆ ಹೇಳಿಕೊಡುವುದು ಯಾವುದು ಎಂದು ಪ್ರತಿ ಮೇಸ್ತ್ರಿಯನ್ನೂ ಕೇಳಿ, ಅವರ ಮಾತಿನಲ್ಲೇ ಬರೆದುಕೊಂಡು, ಅದನ್ನು ಮೂರನೆಯ ವರ್ಷದೊಳಗೆ ಸಂಬಳದ ಸಮಯದಲ್ಲೇ ಕಲಿಸಬೇಕೆಂದು ಸೇರಿಸಿದರು. ಕೆಲವರು ಬೈದರು, ಕೆಲವರು ಯೋಚಿಸಿ ಹೇಳಿದರು. ಹನ್ನೊಂದು ಅಂಗಡಿಗಳು ಸಹಿ ಹಾಕಿವೆ. ಇದನ್ನು ಅವರ ಸೇವೆಯ ಕಿರೀಟವೆಂದು ಹೊಗಳಲು ಹೋದರೆ ಅವರು ಸಿಟ್ಟಾಗುತ್ತಾರೆ. “ಕಾನೂನು ಸರಿಯಾಗೇ ಇತ್ತು ಕಣಪ್ಪ. ಕುವೋ ಮೇಸ್ತ್ರೀನ ಒಂದು ಮಾತು ಕೇಳಬೇಕಿತ್ತು, ನಾನು ಕೇಳಲಿಲ್ಲ. ನಮ್ಮಣ್ಣನ ಮಾಲೀಕನ್ನೇ ಅವರ ಮುಖದಲ್ಲಿ ನೋಡ್ಬಿಟ್ಟೆ,” ಎಂದು ಬೀಳ್ಕೊಡುಗೆಯ ಊಟದಲ್ಲಿ ಎಲ್ಲರೆದುರು ಹೇಳಿಕೊಂಡರು.

ಯಿರೂ ಈಗ ಸ್ವಂತ ಅಂಗಡಿ ಇಟ್ಟಿದ್ದಾಳೆ. ತುಳಿಯುತ್ತಾಳೆ, ಬಡಿಯುತ್ತಾಳೆ, ಮೊಳೆ ಕಿತ್ತು ಮತ್ತೆ ಎಳೆಯುತ್ತಾಳೆ. ಊರ ಗುಡಿಯಲ್ಲಿ ಉಳಿದಿದ್ದ, ಮೇಸ್ತ್ರಿ ಕಟ್ಟಿದ ಕೊನೆಯ ನಗಾರಿಯ ಚರ್ಮ ಹೋದ ವರ್ಷ ಬಿರಿದುಹೋದದ್ದರಿಂದ, ಆ ನಾದವಿರುವುದು ಈಗ ಕೇಳಿದವರ ಕಿವಿಯಲ್ಲಿ ಮಾತ್ರ. ಹುಟ್ಟಿದಾರಭ್ಯ ಆ ಗುಡಿಯ ಹಿಂದಿನ ಓಣಿಯಲ್ಲೇ ಬಾಳಿ, ದಿನ ಬೆಳಗೂ ಅದನ್ನು ಕೇಳುತ್ತ ಎದ್ದ ತು ಅಕ್ಕ ಭಾನುವಾರಗಳಂದು ಅವಳ ಅಂಗಡಿಯಲ್ಲಿ ಹೋಗಿ ಕೂರುತ್ತಾರೆ. ಅವಳು ಬಡಿಯುತ್ತಾಳೆ, ಇವರು ತಲೆಯಾಡಿಸುತ್ತಾರೆ, ಅಲ್ಲ ಎಂದು.

ಕೋಪವಿಲ್ಲವೇ ಎಂದು ಈ ಲೇಖಕ ಯಿರೂಳನ್ನು ಕೇಳಿದ. “ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅಕ್ಕ ಬರದೆ ಇದ್ರೆ ಇದು ಅಲ್ಲ ಅನ್ನೋರು ಯಾರು? ಆ ನಾದ ಸಿಗೋಕೆ ಇನ್ನೊಂದು ಹತ್ತು ವರ್ಷ ಹಿಡೀಬಹುದು,” ಎಂದಳು.

ತು ಅಕ್ಕನವರಿಗೆ ಈಗ ಅರವತ್ತೈದು. ನೂರು ವರ್ಷ ಬಾಳಿರೆಂದು ಹಾರೈಸುವುದು ಇಂಥ ಗ್ರಂಥಗಳ ವಾಡಿಕೆಯಾದರೂ, ಅವರು ಅತಿಶಯೋಕ್ತಿಗೆ ಸಹಿ ಹಾಕುವವರಲ್ಲ. ಆದ್ದರಿಂದ ಬೇಡುವುದು ಇಷ್ಟೇ: ಕಿವಿ ಚುರುಕಾಗಿರಲಿ, ಸ್ಕೂಟರಿಗೆ ಕಾಲು ಗಟ್ಟಿಯಾಗಿರಲಿ, ಭಾನುವಾರಗಳು ತಪ್ಪದಿರಲಿ. ಯಿರೂ ನಗಾರಿ ಬಡಿದಾಗ ಹೌದು, ಇದೇ ಎನ್ನುವ ತನಕವಾದರೂ ಅವರು ಇರಲಿ.