ತಾರೀಖು ಗೊತ್ತಿಲ್ಲದ ಹೊಲಿಗೆಯಮ್ಮ

ಮನುಷ್ಯರನ್ನು ಓದುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಬರುತ್ತಿರುವವರು ಯಾರು, ಅವರಿಗೆ ಯಾರ ಮೇಲೆ ಸಿಟ್ಟು, ಮಧ್ಯಾಹ್ನ ಊಟ ಆಯಿತೋ ಇಲ್ಲವೋ ಎಲ್ಲ ಹೇಳಿಬಿಡುತ್ತೇನೆ. ಕೆಳಮನೆಯವನ ಸಂಸಾರ ಮುರಿಯುವುದು ಅವನ ಹೆಂಡತಿಗಿಂತ ಎರಡು ವಾರ ಮೊದಲೇ ನನಗೆ ಗೊತ್ತಿತ್ತು. ಅವನ ಕೆಮ್ಮು ಬದಲಾಗಿತ್ತು.

ಇಂಥ ನಾನು ಎದುರು ಬಾಗಿಲಿನ ಹೊಲಿಗೆಯಮ್ಮನ ಜೊತೆ ಹನ್ನೊಂದು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದೆ. ಅವರ ಬಗ್ಗೆ ತಿಳಿಯದ್ದು ಇನ್ನೇನೂ ಉಳಿದಿಲ್ಲ ಅಂದುಕೊಂಡಿದ್ದೆ.

ವಯಸ್ಸು ಅರವತ್ತೈದರ ಆಸುಪಾಸು. ಅಮ್ಮನನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿತು, ಆಮೇಲೆ ಅಮ್ಮನೂ ಹೋದರು. ಉಳಿದದ್ದು ಒಂದು ಕೋಣೆ, ಕಿಟಕಿಯ ಬೆಳಕಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಒಂದೇ ಒಂದು ಕುರ್ಚಿ. ಅವರು ಹಾಕಿದ ಹೊಲಿಗೆ ಬಿಚ್ಚಬೇಕಾದರೆ ಕೋರ್ಟಿನಿಂದ ಆದೇಶ ತರಬೇಕು, ಅಷ್ಟು ಗಟ್ಟಿ. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ. ಪಾಪ, ಮಾತು ಕಮ್ಮಿ ಎಂದು ಜನ ಹೊಗಳುತ್ತಾರೆ; ಸೂಜಿ ತೆಗೆಸಿ ನೋಡಿದವರಿಲ್ಲ. ಸಂಜೆ ಏಳಕ್ಕೆ ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಒಂದು ತಟ್ಟೆ, ಒಂದು ಲೋಟ. ಆ ಸದ್ದು ಎಷ್ಟು ಬೇಗ ಮುಗಿದುಹೋಗುತ್ತದೆ ಎಂಬುದು ನನಗೂ ಗೊತ್ತು. ಅದಕ್ಕೇ ನಾನು ಒಂದು ತಟ್ಟೆಯನ್ನೇ ನಾಲ್ಕು ಸಲ ತೊಳೆಯುತ್ತೇನೆ.

ಭಾನುವಾರ ಅವರು ಪ್ರಾರ್ಥನೆಗೆ ಹೋಗುತ್ತಿದ್ದದ್ದು ಟಯರ್ ಅಂಗಡಿಯ ಮೇಲಿನ ಕ್ರೈಸ್ತ ಸಭೆಗೆ. ಆ ಸಭೆಯವರು ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಅಪ್ಪ ಅಮ್ಮನ ನಂಬಿಕೆ ಮಕ್ಕಳಿಗೆ ಆಸ್ತಿಯ ಹಾಗೆ ಬರುವುದಿಲ್ಲ ಎನ್ನುತ್ತಾರೆ. ಪ್ರತಿಯೊಬ್ಬರೂ ತಾವೇ ನಂಬಬೇಕು, ಹೊಸದಾಗಿ ಹುಟ್ಟಬೇಕು, ತಾವು ನಂಬಿದ್ದು ಹೇಗೆಂದು ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕು. ಆಮೇಲೆ ವೇದಿಕೆಯ ಹಲಗೆ ಸರಿಸುತ್ತಾರೆ. ಅಡಿಯಲ್ಲಿ ಎದೆಮಟ್ಟದ ತೊಟ್ಟಿ. ಬಿಳಿ ನಿಲುವಂಗಿ ಹಾಕಿಕೊಂಡು ಇಳಿದವರನ್ನು ಪಾಸ್ಟರ್ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಹಾಗೆ ಎದ್ದು ಬಂದವರಿಗೆ ಮಾತ್ರ ಕರ್ತನ ಭೋಜನ: ಯೇಸು ತಮಗಾಗಿ ಸತ್ತದ್ದನ್ನು ನೆನೆದು ಒಂದು ಚೂರು ರೊಟ್ಟಿ, ಬೆರಳುಗಾತ್ರದ ಲೋಟದಲ್ಲಿ ಗುಟುಕು ದ್ರಾಕ್ಷಾರಸ.

ಆ ನಿಲುವಂಗಿಗಳನ್ನೆಲ್ಲ ಹೊಲಿದದ್ದು ಹೊಲಿಗೆಯಮ್ಮ. ತೆಳು ಬಟ್ಟೆ ನೆನೆದರೆ ಮಾನ ಹೋಗುತ್ತದೆ ಎಂದು ಎರಡು ಪದರ. ನೀರಿಗಿಳಿದಾಗ ಅಂಗಿ ಕೊಡೆಯಂತೆ ಬಿಚ್ಚಿಕೊಂಡು ತೇಲಬಾರದೆಂದು ಕೆಳಗಿನ ಮಡಿಕೆಯೊಳಗೆ ಸಾಲಾಗಿ ಸೀಸದ ಗುಂಡು. ದೀಕ್ಷೆಯ ದಿನ ತೊಟ್ಟಿಯ ಪಕ್ಕ ಟವೆಲ್ ಹಿಡಿದು ನಿಲ್ಲುವುದು ಮನೆಯವರ ಕೆಲಸ. ಮನೆಯವರಿಲ್ಲದವರಿಗೆ ಟವೆಲ್ ಹಿಡಿಯುತ್ತಿದ್ದವರೂ ಇವರೇ. ಆ ಪುಟ್ಟ ಲೋಟಗಳನ್ನು ತೊಳೆಯುತ್ತಿದ್ದವರೂ ಇವರೇ.

ಒಂದು ಬೇಸಿಗೆ ನನ್ನ ಫ್ಯಾನ್ ಕೆಟ್ಟಿತು. ಸಭೆಯಲ್ಲಿ ಎಂಟು ಫ್ಯಾನ್ ಇವೆಯೆಂದು ಕೇಳಿ, ಭಕ್ತಿಯಿಂದ ಹೋಗಿ ಕೊನೆಯ ಬೆಂಚಿನಲ್ಲಿ ಅವರ ಪಕ್ಕ ಕೂತೆ. ಅಂದು ಸಾಕ್ಷಿ ಹೇಳಿದವನು ಟಯರ್ ಅಂಗಡಿಯವನೇ. ಅವನಿಗೆ ಮೂರು ಬಾಟಲಿ ಎಂದು ಅಡ್ಡಹೆಸರು. ಯೇಸುವನ್ನು ನಂಬಿ ರಕ್ಷಣೆ ಹೊಂದುವ ಮುಂಚೆ ಬೆಳಗಿನ ತಿಂಡಿಗೇ ಮೂರು ಬಾಟಲಿ ಕುಡಿಯುತ್ತಿದ್ದನಂತೆ. ಅವತ್ತಿನ ಸಾಕ್ಷಿಯಲ್ಲಿ ಅದು ಐದಕ್ಕೆ ಏರಿತ್ತು. ಅವನು ಕುಡಿತ ಬಿಟ್ಟದ್ದೂ ನಿಜ, ಅಳುತ್ತಿದ್ದದ್ದೂ ನಿಜ. ಬಾಟಲಿಗಳು ಮಾತ್ರ ವರ್ಷಕ್ಕೊಂದು ಮರಿ ಹಾಕುತ್ತಿದ್ದವು. ಬಣ್ಣ ಕಟ್ಟಿ ಹೇಳುವ ಅದೇ ಕಸುಬಿನವನಾದ ನಾನು ಮನಸ್ಸಿನಲ್ಲೇ ಕೈಮುಗಿದೆ. ಕೊನೆಗೆ ಅವನು ದಿನ, ತಿಂಗಳು, ಗಂಟೆ, ನಿಮಿಷ ಹೇಳಿದ. ಅಲ್ಲಿ ಎಲ್ಲರೂ ಹೇಳುತ್ತಾರೆ. ತಾವು ಹೊಸದಾಗಿ ಹುಟ್ಟಿದ ತಾರೀಖು ಒಬ್ಬೊಬ್ಬರಿಗೂ ಬಾಯಿಪಾಠ.

ರೊಟ್ಟಿಯ ತಟ್ಟೆ ಬಂತು. ನಾನು ಹೊರಗಿನವನು, ಮುಟ್ಟದೆ ಪಕ್ಕಕ್ಕೆ ದಾಟಿಸಿದೆ. ಹೊಲಿಗೆಯಮ್ಮನೂ ಮುಟ್ಟಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು, ಮೇಜಿನ ಮೇಲಿಟ್ಟು ಬಂದರು. ಸೇವೆ ಮಾಡುತ್ತಿದ್ದಾರೆ ಎಂದು ನೋಡಿದವರಿಗೆ ಅನಿಸಬೇಕು, ಹಾಗಿತ್ತು.

ಮನೆಗೆ ಬರುತ್ತ ಕೇಳಿದೆ: "ನಾನು ಬಿಟ್ಟಿದ್ದು ಸರಿ. ನೀವ್ಯಾಕಮ್ಮ ತಗೊಳ್ಳಲಿಲ್ಲ? ಹಲ್ಲು ನೋವಾ?"

"ನನಗಿನ್ನೂ ದೀಕ್ಷಾಸ್ನಾನ ಆಗಿಲ್ಲ ಅಣ್ಣಾ."

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಹನ್ನೊಂದು ವರ್ಷ! ಅವರ ಕೆಮ್ಮಿನಲ್ಲಿ ಇದ್ಯಾವುದೂ ಇರಲಿಲ್ಲ.

ವಿಷಯ ಇಷ್ಟೇ. ಮೂವತ್ತೊಂದು ವರ್ಷದ ಹಿಂದೆ, ಅಮ್ಮ ಸತ್ತ ಮೇಲೆ, ಇವರು ದೀಕ್ಷೆ ಕೇಳಿದ್ದರು. ಆಗಿನ ಸಭೆಯ ಹಿರಿಯರು, "ಯಾವತ್ತು ನಂಬಿದೆಯಮ್ಮ?" ಎಂದರು. ಇವರು ಯೋಚಿಸಿ, "ಗೊತ್ತಿಲ್ಲ," ಎಂದರು. "ತಾರೀಖು ನೆನಪಾದಾಗ ಬಾ," ಎಂದರು ಅವರು. ಹಿರಿಯರು ತೀರಿಕೊಂಡರು, ಪಾಸ್ಟರುಗಳು ಬದಲಾದರು. ಅಂಗಿ ಹೊಲಿಯುವವಳಿಗೆ ದೀಕ್ಷೆ ಆಗಿಲ್ಲ ಎಂದು ಯಾರ ತಲೆಗೆ ಹೊಳೆಯುತ್ತದೆ?

"ಅಷ್ಟೇ ತಾನೆ?" ಎಂದೆ. "ಒಂದು ತಾರೀಖು ನಾನು ಕೊಡ್ತೀನಿ ಬಿಡಿ. ಮಂಗಳವಾರ ಅನ್ನೋಣ. ಗುಡುಗು, ಸಿಡಿಲು. ಒಂದು ಲಾರಿ ನಿಮ್ಮ ಮೇಲೇ ಬರ್ತಾ ಇತ್ತು. ಬೇಕಿದ್ರೆ ಎರಡು ಲಾರಿ."

"ಸುಳ್ಳು ಹೇಳಿ ಇಳಿದ್ರೆ ಅದು ಬರೀ ಸ್ನಾನ ಅಣ್ಣಾ. ಅದನ್ನ ಮನೇಲೇ ಮಾಡ್ತೀನಿ." ಕೀ ಹಿಡಿದುಕೊಂಡು ಬಾಗಿಲೆದುರು ನಿಂತರು. "ತಟ್ಟೆ ಮುಂದೆ ಹೋಗ್ಲಿ, ಪರವಾಗಿಲ್ಲ. ಆದ್ರೆ ಆ ಹಿರಿಯರು ಹೇಳಿದ್ದೇ ಸರಿ ಇದ್ರೆ? ನಾನು ನಂಬಿದೀನಿ ಅಂದ್ಕೊಂಡಿದ್ದೇ ಸುಳ್ಳಾಗಿದ್ರೆ? ಅಮ್ಮ ಅಲ್ಲಿ ಕಾಯ್ತಿರ್ತಾಳೆ. ನಾನು ಸೇರೋದೇ ಇಲ್ಲ."

ಆ ರಾತ್ರಿ ನನ್ನ ಒಂದು ತಟ್ಟೆಯನ್ನು ಎಂಟು ಸಲ ತೊಳೆದೆ.

ಎರಡು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ನಾನು ಅಂಗಿಗೆ ಗುಂಡಿ ಹಾಕಿಸಿಕೊಳ್ಳುತ್ತ ಅವರ ಹೊಸಿಲಲ್ಲಿ ನಿಂತಿದ್ದಾಗ ಹೊಸ ಪಾಸ್ಟರ್ ಬಂದರು. ಮೂವತ್ತು ದಾಟದ ಹುಡುಗ. ಐದು ನಿಲುವಂಗಿ ಬೇಕಿತ್ತು. ಅಳತೆಯ ಚೀಟಿ ಕೊಟ್ಟು, "ಈ ಸಲ ಇಳಿಯೋರಲ್ಲಿ ಒಬ್ಬಳಿಗೆ ತುಂಬ ಭಯ ಅಮ್ಮಾ. ನಿಮ್ಮ ದಿನ ಹೇಗಿತ್ತು ಅಂತ ಅವಳಿಗೆ ಒಂದು ಮಾತು ಹೇಳಿ," ಎಂದರು.

ಹೊಲಿಗೆಯಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಆ ದಿನ ಬರಲೇ ಇಲ್ಲ ಪಾಸ್ಟರ್."

ಕಥೆಯನ್ನೆಲ್ಲ ಕೇಳಿ ಹುಡುಗ ಆ ಒಂದೇ ಕುರ್ಚಿಯಲ್ಲಿ ಕೂತ. ಆಮೇಲೆ ಕೇಳಿದ: "ತಾರೀಖು ಬಿಡಿ. ದೇವರ ಮುಂದೆ ನಿಂತಾಗ, ಏನು ನಂಬ್ಕೊಂಡು ಒಳಗೆ ಬಂದೆ ಅಂತ ಕೇಳಿದ್ರೆ ಏನಂತೀರಿ?"

"ನನ್ನ ಹತ್ರ ಏನಿದೆ? ಮೂವತ್ತೊಂದು ವರ್ಷ ಹೊಲಿದೆ, ಲೋಟ ತೊಳೆದೆ. ಅದನ್ನ ತೋರಿಸಿದ್ರೆ ನಗ್ತಾರೆ. ನನ್ನ ಬದಲು ಯೇಸು ಸತ್ತ, ಮತ್ತೆ ಎದ್ದ. ಮೊಳೆ ಹೊಡೆದ ಅವನ ಕೈ ನೋಡಿ, ನನ್ನ ಕೈ ನೋಡಬೇಡಿ ಅಂತೀನಿ."

"ಅಮ್ಮಾ," ಎಂದರು ಪಾಸ್ಟರ್. "ಆರು ಅಂಗಿ ಹೊಲೀರಿ. ಆದ್ರೆ ಇದನ್ನ ಎಲ್ಲರ ಮುಂದೆ ಹೇಳಬೇಕು."

ಅವರಿಗೆ ಇದ್ದ ಭಯ ಅದೇ. ತಾರೀಖಿಲ್ಲದ ಸಾಕ್ಷಿಯನ್ನು ಆ ಸಭೆ ಕೇಳಿರಲೇ ಇಲ್ಲ. ಇನ್ನೊಮ್ಮೆ ಯಾರಾದರೂ 'ಆಮೇಲೆ ಬಾ' ಎಂದರೆ, ಆಮೇಲೆ ಎನ್ನುವುದು ಅವರ ವಯಸ್ಸಿನಲ್ಲಿ ಹೆಚ್ಚು ಉಳಿದಿರಲಿಲ್ಲ.

ಐದು ಅಂಗಿ ನಾಲ್ಕು ದಿನದಲ್ಲಿ ಆದವು. ಆರನೆಯದಕ್ಕೆ ನನ್ನ ಬಾಗಿಲು ತಟ್ಟಿದರು. ಭುಜದಿಂದ ಭುಜಕ್ಕೆ ತಮ್ಮ ಬೆನ್ನಿನ ಅಳತೆ ತಾವೇ ತೆಗೆಯಲು ಆಗುವುದಿಲ್ಲವಂತೆ. ಊರಿನವರೆಲ್ಲರ ಬೆನ್ನು ಅಳೆದ ಕೈಗೆ ತನ್ನ ಬೆನ್ನು ಎಟುಕುವುದಿಲ್ಲ. ಟೇಪು ಹಿಡಿದು ಸಂಖ್ಯೆ ಓದಿದೆ. ಅವರು ಅಲುಗಾಡದೆ ನಿಂತಿದ್ದರು. ಅವರ ಭುಜವನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ, ನಾನು ಕೇಳಲಿಲ್ಲ.

ಭಾನುವಾರ ಐದು ಜನ ಐದು ತಾರೀಖು ಹೇಳಿದರು. ಆರನೆಯವರು ವೇದಿಕೆ ಹತ್ತಿದಾಗ ಸಭೆಯಲ್ಲಿ ಗುಜುಗುಜು. ಇಳಿಯುವವರಿಗೆ ಅಂಗಿ ಸರಿಮಾಡಲು ಬಂದಿದ್ದಾರೆ ಎಂದು ಮುಂದಿನ ಸಾಲಿನವರು ಕಾಯುತ್ತಿದ್ದರು.

"ನಾನು ಪಾಪಿ," ಎಂದು ಶುರು ಮಾಡಿದರು. ಧ್ವನಿ ಎರಡನೇ ಬೆಂಚು ದಾಟಲಿಲ್ಲ. "ನೀವೆಲ್ಲ ನೀರಿಗೆ ಇಳಿದಾಗ ಹೊಟ್ಟೆಕಿಚ್ಚು ಪಟ್ಟಿದೀನಿ. ಒಂದು ಸಲ ಬೇಕಂತಲೇ ಕುತ್ತಿಗೆ ಬಿಗಿಯಾಗಿ ಹೊಲಿದೆ."

"ಅದು ನನ್ನದಾ?" ಎಂದ ಮೂರು ಬಾಟಲಿ, ಕುತ್ತಿಗೆ ಮುಟ್ಟಿಕೊಂಡು.

"ಹೌದು ತಮ್ಮಾ. ಕ್ಷಮಿಸು."

ಒಂದಿಬ್ಬರು ನಕ್ಕರು. ಮೂರು ಬಾಟಲಿ ನಗಲಿಲ್ಲ. "ಅಕ್ಕಾ, ಅದು ಹೋಗ್ಲಿ. ರಕ್ಷಣೆ ಆದ ದಿನ ಹೇಳಲೇ ಇಲ್ವಲ್ಲ?"

ಪಾಸ್ಟರ್ ಬಾಯಿ ತೆರೆದರು. ಹೊಲಿಗೆಯಮ್ಮ ಕೈ ಅಡ್ಡ ಹಿಡಿದರು.

"ಗೊತ್ತಿಲ್ಲ. ಅಮ್ಮನ ಮಡಿಲಲ್ಲಿ ಕೇಳಿದೆ. ಕೇಳಿದಾಗಿಂದ ನಂಬಿದೀನಿ. ನಂಬದೆ ಇದ್ದ ದಿನ ಯಾವುದು ಅಂತ ಹುಡುಕಿದೆ, ಸಿಗಲಿಲ್ಲ. ನಿಮಗೆ ತಾರೀಖು ಬೇಕೇ ಬೇಕು ಅಂದ್ರೆ, ಅವನು ಶಿಲುಬೆ ಮೇಲೆ ಸತ್ತನಲ್ಲ, ಆ ದಿನ ಬರ್ಕೊಳ್ಳಿ. ನನ್ನ ರಕ್ಷಣೆ ಕೆಲಸಾನೂ ಅವತ್ತೇ ಮುಗೀತು."

ಮೂರು ಬಾಟಲಿ ತಲೆ ತಗ್ಗಿಸಿ ಕೂತ. "ಇಳೀರಿ ಅಕ್ಕಾ," ಎಂದ ಮೆಲ್ಲಗೆ. ಅಂದಿನಿಂದ ಅವನ ಬಾಟಲಿಗಳು ಐದರಿಂದ ಎರಡಕ್ಕೆ ಇಳಿದಿವೆ. ಅಷ್ಟೇ ಕುಡಿಯುತ್ತಿದ್ದದ್ದಂತೆ.

ಅವರು ಮುಳುಗಿ ಎದ್ದರು. ಬೇರೆ ಐವರ ಮನೆಯವರು ಫೋಟೋ ತೆಗೆಯುತ್ತ, ತಬ್ಬಿಕೊಳ್ಳುತ್ತ ಗದ್ದಲವಾಗಿತ್ತು. ಇವರು ತೊಟ್ಟಿಯ ಮೆಟ್ಟಿಲ ಮೇಲೆ ನೀರು ಸುರಿಸುತ್ತ ನಿಂತು, ಅಭ್ಯಾಸದಂತೆ, ಟವೆಲ್ ಇಲ್ಲದವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದರು. ಒಬ್ಬರಿದ್ದರು. ನಾನು ಹೋಗಿ ಹೊಲಿಗೆಯಮ್ಮನಿಗೆ ನನ್ನ ಮನೆಯ ಟವೆಲ್ ಹೊದಿಸಿದೆ. ಅದರಲ್ಲಿ ಎರಡು ತೂತಿದ್ದವು.

ಆಮೇಲೆ ರೊಟ್ಟಿಯ ತಟ್ಟೆ ಬಂತು. ಅವರು ಒಂದು ಚೂರು ತೆಗೆದುಕೊಂಡರು. ಅಷ್ಟು ಸಣ್ಣ ಚೂರನ್ನು ಅಷ್ಟು ಹೊತ್ತು ತಿಂದವರನ್ನು ನಾನು ನೋಡಿಲ್ಲ. ಲೋಟಗಳನ್ನು ಅವತ್ತೂ ಅವರೇ ತೊಳೆದರು.

ಮನೆಗೆ ಇಬ್ಬರೇ ನಡೆದು ಬಂದೆವು. ಒದ್ದೆ ಅಂಗಿಯ ಚೀಲ ನನ್ನ ಕೈಯಲ್ಲಿತ್ತು. ಅವರ ಕೂದಲು ಒಣಗಿರಲಿಲ್ಲ. ಅವರ ಬಾಗಿಲು ತೆರೆದಾಗ ಅದೇ ಕೋಣೆ, ಅದೇ ಕುರ್ಚಿ. ಒಳಗೆ ಕಾಯುತ್ತಿದ್ದವರು ಯಾರೂ ಇರಲಿಲ್ಲ. ಅವರು ಹೊಸಿಲಲ್ಲಿ ತಿರುಗಿ, ಏಳನೇ ಅಂಗಿಗೆ ಅಳತೆ ತೆಗೆಯುವವರ ಹಾಗೆ ನನ್ನನ್ನು ನೋಡಿದ ರೀತಿಗೆ ನನಗೆ ಗಾಬರಿಯಾಯಿತು.

"ಹಾಗೆ ನೋಡಬೇಡಿ ತಾಯಿ," ಎಂದೆ. "ನಾನು ಹಿಡಿದದ್ದು ಟವೆಲ್ ಮಾತ್ರ. ಎಪ್ಪತ್ತನಾಲ್ಕು ವರ್ಷ ಸುಳ್ಳು ಹೇಳಿದೋನು ನಾನು. ನನ್ನನ್ನ ತೊಳೆಯೋಕೆ ಆ ತೊಟ್ಟಿ ಸಾಲಲ್ಲ, ಸಮುದ್ರ ತರಿಸಬೇಕು."

"ತೊಟ್ಟಿ ಯಾರನ್ನೂ ತೊಳೆಯಲ್ಲ ಅಣ್ಣಾ, ಬರೀ ನೆನೆಸುತ್ತೆ," ಎಂದರು ಹೊಲಿಗೆಯಮ್ಮ, ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತ. "ತೊಳೆಯೋನು ಬೇರೆ ಇದಾನೆ. ಜಂಬ ಪಡಬೇಡಿ, ನಿಮಗಿಂತ ದೊಡ್ಡ ಸುಳ್ಳುಗಾರರನ್ನ ಅವನು ನೋಡಿದಾನೆ."